ಸಿಲ್ಕ್ ಕಟ್ ಚಾಲೆಂಜ್ ಕಪ್, 1984–85

1984–85ರ ಸಿಲ್ಕ್ ಕಟ್ ಚಾಲೆಂಜ್ ಕಪ್ ಬ್ರಿಟನ್ನಿನ ರಗ್ಬಿ ಲೀಗ್ ಕ್ಲಬ್ಬುಗಳ ನಡುವೆ ನಡೆದ ನಾಕೌಟ್ ಪಂದ್ಯಾವಳಿ. 1896–97ರಲ್ಲಿ ಆರಂಭವಾದ ಚಾಲೆಂಜ್ ಕಪ್‌ನ 84ನೆಯ ಆವೃತ್ತಿಯಾದ ಇದು ಸಿಲ್ಕ್ ಕಟ್ ಸಿಗರೇಟಿನ ಹೆಸರು ಹೊತ್ತ ಮೊದಲ ಆವೃತ್ತಿಯೂ ಹೌದು. 1985ರ ಮೇ 4ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ನಡೆದ ಫೈನಲ್‌ನಲ್ಲಿ ವಿಗನ್ ತಂಡ ಹಲ್ ತಂಡವನ್ನು 28–24ರಿಂದ ಸೋಲಿಸಿತು. ಅಂದು ಸೇರಿದ್ದ ಪ್ರೇಕ್ಷಕರ ಸಂಖ್ಯೆ 99,801. ವೆಂಬ್ಲಿಯಲ್ಲಿ ನಡೆದ ಚಾಲೆಂಜ್ ಕಪ್ ಫೈನಲ್‌ಗಳಲ್ಲೇ ಅತ್ಯುತ್ತಮವಾದುವುಗಳ ಸಾಲಿನಲ್ಲಿ ಈ ಪಂದ್ಯವನ್ನು ಎಣಿಸುತ್ತಾರೆ. ಆ ಹಿರಿಮೆಗೆ ಸಾಮಾನ್ಯವಾಗಿ ಕೊಡುವ ಕಾರಣ ಇಬ್ಬರು ಆಸ್ಟ್ರೇಲಿಯನ್ನರ, ಅಂದರೆ ವಿಗನ್‌ನ ಬ್ರೆಟ್ ಕೆನ್ನಿ ಮತ್ತು ಹಲ್‌ನ ಪೀಟರ್ ಸ್ಟರ್ಲಿಂಗ್ ಅವರ ಪ್ರತಿಭೆ. ಆ ಪ್ರತಿಭೆಯ ಬಗ್ಗೆ ತಕರಾರಿಲ್ಲ. ಆದರೆ ಅವರಿಬ್ಬರೂ ಅಲ್ಲಿಗೆ ಬಂದು ಹಾಗೆ ಆಡಲು ಸಾಧ್ಯವಾದದ್ದು 1983ರಲ್ಲಿ ಆಟದ ಆಡಳಿತ ಕೈಗೊಂಡ ಕೆಲವು ನಿರ್ಧಾರಗಳಿಂದ. ಈ ಆವೃತ್ತಿಯನ್ನು ಆ ನಿರ್ಧಾರಗಳು ಕಣಕ್ಕಿಳಿದ ಸಂದರ್ಭವೆಂದು ನೋಡಿದಾಗಲೇ ಅದರ ಸ್ಥಾನ ಸ್ಪಷ್ಟವಾಗುತ್ತದೆ.

ಮೂಲ

ರಗ್ಬಿ ಲೀಗ್ ಹುಟ್ಟಿದ್ದು ಕೂಲಿಯ ಜಗಳದಿಂದ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್, ಲ್ಯಾಂಕಷೈರ್ ಪ್ರಾಂತಗಳ ಆಟಗಾರರಲ್ಲಿ ಹೆಚ್ಚಿನವರು ಗಣಿ, ಗಿರಣಿ, ಬಂದರುಗಳಲ್ಲಿ ದುಡಿಯುವವರು. ಶನಿವಾರ ಆಡಲು ಹೋದರೆ ಆ ಹೊತ್ತಿನ ಕೂಲಿ ತಪ್ಪುತ್ತಿತ್ತು. ಅದನ್ನು ತುಂಬಿಕೊಡಬೇಕೆಂಬ ಬೇಡಿಕೆಯನ್ನು ರಗ್ಬಿ ಯೂನಿಯನ್ನಿನ ಆಡಳಿತ ಒಪ್ಪಲಿಲ್ಲ. 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಸೇರಿದ ಕ್ಲಬ್ಬುಗಳು ಪ್ರತ್ಯೇಕವಾಗಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಮರುವರ್ಷವೇ ಚಾಲೆಂಜ್ ಕಪ್ ಸ್ಪರ್ಧೆ ಶುರುವಾಯಿತು. 1897ರ ಏಪ್ರಿಲ್‌ನಲ್ಲಿ ಲೀಡ್ಸ್ ನಗರದ ಹೆಡಿಂಗ್ಲಿಯಲ್ಲಿ ನಡೆದ ಮೊದಲ ಫೈನಲ್‌ನಲ್ಲಿ ಬ್ಯಾಟ್ಲಿ ತಂಡ ಸೇಂಟ್ ಹೆಲೆನ್ಸ್ ತಂಡವನ್ನು 10–3ರಿಂದ ಸೋಲಿಸಿತು. ಕ್ರಿಕೆಟ್ ಟೆಸ್ಟ್‌ಗಳಿಂದ ಕನ್ನಡ ಓದುಗರಿಗೆ ಪರಿಚಿತವಾದ ಹೆಡಿಂಗ್ಲಿಯೇ ಇದು. ಅಲ್ಲಿ ಕ್ರಿಕೆಟ್ ಮೈದಾನಕ್ಕೂ ರಗ್ಬಿ ಮೈದಾನಕ್ಕೂ ನಡುವೆ ಇರುವುದು ಒಂದೇ ಪ್ರೇಕ್ಷಕರ ಕಟ್ಟೆ.

ಫೈನಲ್ ಪಂದ್ಯ ವೆಂಬ್ಲಿಗೆ ಹೋದದ್ದು 1929ರಲ್ಲಿ. ಆ ವರ್ಷ ವಿಗನ್ ತಂಡ ಡ್ಯೂಸ್ಬರಿಯನ್ನು 13–2ರಿಂದ ಸೋಲಿಸಿತು. ಉತ್ತರದ ಆಟವನ್ನು ರಾಜಧಾನಿಯಲ್ಲಿ ತೋರಿಸಬೇಕೆಂಬ ಉದ್ದೇಶದಿಂದ ತೆಗೆದುಕೊಂಡ ಈ ನಿರ್ಧಾರ ಕಾಲಕ್ರಮದಲ್ಲಿ ಬೇರೆಯದೇ ಅರ್ಥ ಪಡೆಯಿತು. ಲಂಡನ್ನಿನವರು ಆಟ ನೋಡಲು ಬರುವುದಕ್ಕಿಂತ ಉತ್ತರದ ಊರುಗಳೇ ವರ್ಷಕ್ಕೊಮ್ಮೆ ಬಸ್ಸು, ರೈಲು ಹಿಡಿದು ಲಂಡನ್ನಿಗೆ ಹೊರಟುಬರುವುದು ರೂಢಿಯಾಯಿತು. ಒಂದು ಊರಿನ ತಂಡ ವೆಂಬ್ಲಿ ತಲುಪಿತೆಂದರೆ ಅದು ಆ ಊರಿಗೆ ಜಾತ್ರೆಯಷ್ಟೇ ದೊಡ್ಡ ಸಂಗತಿ. ಸಾಲುಪಂದ್ಯಗಳ ಲೀಗ್ ಗೆದ್ದವರಿಗಿಂತ ಕಪ್ ಗೆದ್ದವರ ಹೆಸರು ಹೆಚ್ಚು ನೆನಪಿನಲ್ಲಿ ಉಳಿಯುವುದಕ್ಕೂ ಇದೇ ಕಾರಣ.

ಆಟದ ಸ್ವರೂಪ ಮತ್ತು 1983ರ ಬದಲಾವಣೆಗಳು

ರಗ್ಬಿ ಲೀಗ್‌ನಲ್ಲಿ ಪ್ರತಿ ತಂಡಕ್ಕೆ 13 ಆಟಗಾರರು. ಪಂದ್ಯ 80 ನಿಮಿಷ. ಚೆಂಡನ್ನು ಕೈಯಲ್ಲಿ ಹಿಡಿದು ಓಡಬಹುದು, ಒದೆಯಬಹುದು, ಆದರೆ ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ. ಓಡುವವನನ್ನು ಎದುರಾಳಿಗಳು ಹಿಡಿದು ಕೆಡವುವುದಕ್ಕೆ ಟ್ಯಾಕಲ್ ಎಂದು ಹೆಸರು. ಕಬಡ್ಡಿಯಲ್ಲಿ ರೈಡ್‌ಗೆ ಬಂದವನನ್ನು ಹಿಡಿದುಹಾಕುವ ದೃಶ್ಯವನ್ನು ನೆನೆದರೆ ಅದರ ರಭಸ ಊಹೆಗೆ ಸಿಗುತ್ತದೆ. ಒಂದು ತಂಡ ಚೆಂಡನ್ನು ಆರು ಟ್ಯಾಕಲ್‌ಗಳವರೆಗೆ ತನ್ನಲ್ಲಿ ಇಟ್ಟುಕೊಳ್ಳಬಹುದು. ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಅದು ಟ್ರೈ. ಟ್ರೈ ಆದ ಮೇಲೆ ಕಂಬಗಳ ನಡುವೆ ಚೆಂಡು ಒದೆಯಲು ಸಿಗುವ ಅವಕಾಶ ಕನ್ವರ್ಷನ್. ಟ್ರೈ ಎಲ್ಲಿ ಆಯಿತೋ ಅದರ ನೇರದಿಂದಲೇ ಒದೆಯಬೇಕಾದ್ದರಿಂದ ಮೂಲೆಯ ಟ್ರೈಗಳನ್ನು ಕನ್ವರ್ಟ್ ಮಾಡುವುದು ಕಷ್ಟ. ಕನ್ವರ್ಷನ್ ಆಗಲಿ ಪೆನಾಲ್ಟಿ ಗೋಲ್ ಆಗಲಿ 2 ಅಂಕ. ಆಟ ನಡೆಯುತ್ತಿರುವಾಗಲೇ ಚೆಂಡನ್ನು ನೆಲಕ್ಕೆ ಬಿಟ್ಟು ಒದ್ದು ಗಳಿಸುವ ಡ್ರಾಪ್ ಗೋಲ್‌ಗೆ 1 ಅಂಕ.

1983ರಲ್ಲಿ ಎರಡು ನಿಯಮಗಳು ಬದಲಾದವು. ಟ್ರೈಗೆ ಇದ್ದ 3 ಅಂಕ 4ಕ್ಕೆ ಏರಿತು. ಆರನೆಯ ಟ್ಯಾಕಲ್ ಆದಾಗ, ಹಿಂದಿನಂತೆ ಸ್ಕ್ರಮ್ ಕಟ್ಟಿ ಚೆಂಡಿಗಾಗಿ ತಳ್ಳಾಡುವ ಬದಲು ಎದುರಾಳಿಗೆ ಅಲ್ಲೇ ಚೆಂಡು ಒಪ್ಪಿಸುವ ಪದ್ಧತಿ ಬಂತು. ಮೊದಲನೆಯದರಿಂದ ಒದೆತಕ್ಕಿಂತ ಓಟದ ಬೆಲೆ ಹೆಚ್ಚಿತು. ಎರಡು ಪೆನಾಲ್ಟಿ ಗೋಲ್‌ಗಳು ಹಿಂದೆ ಒಂದು ಟ್ರೈಯನ್ನು ಮೀರಿಸುತ್ತಿದ್ದವು, ಈಗ ಬರೀ ಸಮವಾದವು. ಎರಡನೆಯದರಿಂದ ಆಟ ನಿಲ್ಲುವುದು ಕಡಿಮೆಯಾಗಿ, ದಣಿದ ರಕ್ಷಕರ ನಡುವೆ ಜಾಗ ಕಾಣುವ ವೇಗದ ಆಟಗಾರರಿಗೆ ಅನುಕೂಲವಾಯಿತು.

ಮೂರನೆಯ ಬದಲಾವಣೆ ನಿಯಮಪುಸ್ತಕಕ್ಕೆ ಸೇರಿದ್ದಲ್ಲ. ದೇಶದಿಂದ ದೇಶಕ್ಕೆ ಆಟಗಾರರು ಕ್ಲಬ್ ಬದಲಿಸುವುದರ ಮೇಲೆ 1977ರಿಂದ ಇದ್ದ ನಿರ್ಬಂಧವನ್ನು 1983ರಲ್ಲಿ ತೆಗೆಯಲಾಯಿತು. ಹಿಂದಿನ ವರ್ಷವಷ್ಟೇ ಬ್ರಿಟನ್ ಪ್ರವಾಸಕ್ಕೆ ಬಂದ ಆಸ್ಟ್ರೇಲಿಯಾ ತಂಡ ಒಂದೂ ಪಂದ್ಯ ಸೋಲದೆ ಹಿಂದಿರುಗಿತ್ತು. 1982ರ ಅಕ್ಟೋಬರ್ 30ರಂದು ಹಲ್ ನಗರದ ಬೂತ್‌ಫೆರಿ ಪಾರ್ಕ್‌ನಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಬ್ರಿಟನ್ 40–4ರಿಂದ ನೆಲಕಚ್ಚಿತು. ಆಟವನ್ನು ಕಟ್ಟಿದ ನಾಡೇ ಆಟದಲ್ಲಿ ಒಂದು ತಲೆಮಾರಿನಷ್ಟು ಹಿಂದೆ ಬಿದ್ದಿದೆ ಎಂಬುದು ಆ ಮಧ್ಯಾಹ್ನ ಎಲ್ಲರಿಗೂ ಕಂಡಿತು. ಆ ಪ್ರವಾಸಿ ತಂಡದಲ್ಲಿದ್ದ ಕೆನ್ನಿ ಮತ್ತು ಸ್ಟರ್ಲಿಂಗ್ ಎರಡೇ ವರ್ಷಗಳಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಅಂಗಿ ತೊಟ್ಟರು.

ಪ್ರಾಯೋಜಕತ್ವ

ಬ್ರಿಟನ್ನಿನಲ್ಲಿ ಟೆಲಿವಿಷನ್ ಮೇಲೆ ಸಿಗರೇಟಿನ ಜಾಹೀರಾತು 1965ರಲ್ಲಿ ನಿಷೇಧವಾಯಿತು. ತಂಬಾಕು ಕಂಪನಿಗಳು ಆ ಬಳಿಕ ಕ್ರೀಡೆಯತ್ತ ತಿರುಗಿದವು. ಪಂದ್ಯಾವಳಿಯ ಹೆಸರಿನಲ್ಲೇ ಬ್ರ್ಯಾಂಡ್ ಸೇರಿಕೊಂಡರೆ, ಜಾಹೀರಾತುಗಳನ್ನೇ ಹಾಕದ ಬಿಬಿಸಿಯ ಪ್ರಸಾರದಲ್ಲೂ ಆ ಹೆಸರು ಕೇಳಿಬರುತ್ತದೆ. 1971–72ರಲ್ಲಿ ಪ್ಲೇಯರ್ಸ್ ನಂಬರ್ 6 ಹೆಸರಿನಲ್ಲಿ ಹೊಸದೊಂದು ನಾಕೌಟ್ ಕಪ್ಪೇ ಹುಟ್ಟಿಕೊಂಡಿತು. 1984–85ರ ಹೊತ್ತಿಗೆ ಅದು ಜಾನ್ ಪ್ಲೇಯರ್ ಸ್ಪೆಷಲ್ ಟ್ರೋಫಿ ಆಗಿತ್ತು. ಚಾಲೆಂಜ್ ಕಪ್‌ಗೆ 1980ರಿಂದ ಸ್ಟೇಟ್ ಎಕ್ಸ್‌ಪ್ರೆಸ್ ಸಿಗರೇಟಿನ ಹೆಸರಿತ್ತು. 1985ರಲ್ಲಿ ಗ್ಯಾಲಹರ್ ಕಂಪನಿಯ ಸಿಲ್ಕ್ ಕಟ್ ಆ ಜಾಗಕ್ಕೆ ಬಂದು ಹದಿನೈದು ವರ್ಷಗಳಿಗೂ ಮೀರಿ ಉಳಿಯಿತು. ಭಾರತದ ಓದುಗರಿಗೆ ಇದು ಅಪರಿಚಿತವಲ್ಲ. 1996ರ ಕ್ರಿಕೆಟ್ ವಿಶ್ವಕಪ್ ವಿಲ್ಸ್ ಹೆಸರಿನಲ್ಲೇ ನಡೆಯಿತು, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್ ಕೂಡ ಅದರದೇ ಭಾಗ.

1985ರ ಯಶಸ್ಸನ್ನು ಪ್ರಾಯೋಜಕರ ಖಾತೆಗೆ ಬರೆಯಬಹುದೇ? ಹಣದ ಪಾತ್ರವನ್ನು ಅಲ್ಲಗಳೆಯಲಾಗದು. ಕೈಗಾರಿಕೆ ಕುಸಿಯುತ್ತಿದ್ದ ಊರುಗಳಲ್ಲಿ ಬರೀ ಟಿಕೆಟ್ ದುಡ್ಡಿನಿಂದ ಆಟ ನಡೆಸುವುದು ಕಷ್ಟವಿತ್ತು. ಆದರೆ ಅದೇ ಋತುವಿನಲ್ಲಿ ಮತ್ತೊಂದು ಸಿಗರೇಟಿನ ಹೆಸರಿನ ಕಪ್‌ನ ಫೈನಲ್, 1985ರ ಜನವರಿಯಲ್ಲಿ, ಹಲ್ ಮತ್ತು ಹಲ್ ಕಿಂಗ್‌ಸ್ಟನ್ ರೋವರ್ಸ್ ನಡುವೆ ನಡೆಯಿತು. ಫಲಿತಾಂಶ ರೋವರ್ಸ್ ಪರವಾಗಿ 12–0. ಅಲ್ಲೂ ಹಣ ತಂಬಾಕಿನದೇ, ನಿಯಮಗಳು ಅವೇ, ಸೋತದ್ದು ಮೇ ತಿಂಗಳಲ್ಲಿ ವೆಂಬ್ಲಿಗೆ ಹೋದ ಹಲ್ ತಂಡವೇ. ಹಾಗಿದ್ದೂ ಆ ಪಂದ್ಯವನ್ನು ವೆಂಬ್ಲಿಯ ಪಕ್ಕದಲ್ಲಿಟ್ಟು ನೋಡುವವರಿಲ್ಲ. ಪ್ರಾಯೋಜಕತ್ವ ಸ್ಪರ್ಧೆಯನ್ನು ಉಳಿಸಿತು, ಆದರೆ ಆಟದ ಗುಣವನ್ನು ಅದು ನಿರ್ಧರಿಸಿತೆಂದು ಹೇಳಲು ಆಧಾರವಿಲ್ಲ.

ಇದೇ ಸಾಕ್ಷ್ಯ ನಿಯಮಗಳ ವಾದಕ್ಕೂ ಅಡ್ಡ ಬರುತ್ತದೆಂದು ಆಕ್ಷೇಪಿಸಬಹುದು. ಟ್ರೈಗೆ 4 ಅಂಕ ಇದ್ದರೂ ಜನವರಿಯ ಫೈನಲ್‌ನಲ್ಲಿ ಹಲ್ ಒಂದೂ ಅಂಕ ಗಳಿಸಲಿಲ್ಲವಲ್ಲ? 1984ರ ಚಾಲೆಂಜ್ ಕಪ್ ಫೈನಲ್ ಕೂಡ ಹೊಸ ನಿಯಮಗಳಲ್ಲೇ ನಡೆದು, ವಿಡ್ನೆಸ್ ತಂಡ ವಿಗನ್ ಅನ್ನು 19–6ರಿಂದ ಸುಲಭವಾಗಿ ಸೋಲಿಸಿತಲ್ಲ? ಆಕ್ಷೇಪ ಸರಿಯಾದದ್ದೇ. ನಿಯಮ ಬಾಗಿಲು ತೆರೆಯುತ್ತದೆ, ಒಳಗೆ ನಡೆದುಹೋಗಲು ಬಲ್ಲವರು ಬೇಕು. 1984ರ ವಿಗನ್ ತಂಡದಲ್ಲಿ ಕೆನ್ನಿ ಇರಲಿಲ್ಲ. ಆದ್ದರಿಂದ ಅಂಕಗಳ ಬದಲಾವಣೆಯೊಂದನ್ನೇ ಕಾರಣವೆನ್ನುವುದು ತಪ್ಪಾಗುತ್ತದೆ. ಅದು ಆಟಗಾರರ ನಿರ್ಬಂಧ ತೆಗೆದದ್ದರ ಜತೆ ಕೂಡಿಬಂದಾಗ ಮಾತ್ರ ಫಲ ಕೊಟ್ಟಿತು ಎಂಬುದೇ ಇಲ್ಲಿನ ವಾದ.

ಫೈನಲ್‌ಗೆ ಮುನ್ನ

ನಾಕೌಟ್ ಸ್ಪರ್ಧೆಯಾದ್ದರಿಂದ ಸೋತವರಿಗೆ ಮತ್ತೊಂದು ಅವಕಾಶವಿಲ್ಲ. ಪಂದ್ಯ ಸಮನಾದರೆ ಆಗ ಕೆಲವು ದಿನಗಳ ಬಳಿಕ ಮರುಪಂದ್ಯ ನಡೆಯುತ್ತಿತ್ತು. ವಿಗನ್ ತಂಡದ ಹಾದಿ ಕೂದಲೆಳೆಯಲ್ಲಿ ಮುಗಿದುಹೋಗುವುದರಲ್ಲಿತ್ತು: ಕ್ವಾರ್ಟರ್ ಫೈನಲ್‌ನಲ್ಲಿ ಬ್ರಾಡ್‌ಫರ್ಡ್ ನಾರ್ದರ್ನ್ ವಿರುದ್ಧ ಅದು ಗೆದ್ದದ್ದು 7–6ರಿಂದ. ಈ ಒಂದು ಅಂಕ ಅತ್ತಿತ್ತ ಆಗಿದ್ದರೆ ಮುಂದಿನದಾವುದೂ ಇರುತ್ತಿರಲಿಲ್ಲ. ಸೆಮಿಫೈನಲ್‌ನಲ್ಲಿ ಎದುರಾದದ್ದು ಹಲ್ ಕಿಂಗ್‌ಸ್ಟನ್ ರೋವರ್ಸ್. ಆ ಋತುವಿನ ಮತ್ತು ಅದರ ಹಿಂದಿನ ಋತುವಿನ ಲೀಗ್ ಪ್ರಶಸ್ತಿಗಳೆರಡೂ ಅದರವು. ಲೀಡ್ಸ್‌ನ ಎಲಂಡ್ ರೋಡ್ ಮೈದಾನದಲ್ಲಿ ವಿಗನ್ 18–11ರಿಂದ ಗೆದ್ದಿತು.

ಇನ್ನೊಂದು ಸೆಮಿಫೈನಲ್‌ನಲ್ಲಿ ಹಲ್ ಮತ್ತು ಕ್ಯಾಸಲ್‌ಫರ್ಡ್ ಹೆಡಿಂಗ್ಲಿಯಲ್ಲಿ 10–10ರಿಂದ ಸಮ ಮಾಡಿಕೊಂಡವು. ಮರುಪಂದ್ಯದಲ್ಲಿ ಹಲ್ 22–16ರಿಂದ ಮೇಲುಗೈ ಪಡೆಯಿತು. ಕ್ಯಾಸಲ್‌ಫರ್ಡ್ ಕಲ್ಲಿದ್ದಲ ಗಣಿಗಳ ಪಟ್ಟಣ. ಒಂದು ವರ್ಷ ನಡೆದ ಗಣಿ ಕಾರ್ಮಿಕರ ಮುಷ್ಕರ ಸೋಲಿನಲ್ಲಿ ಮುಗಿದದ್ದು 1985ರ ಮಾರ್ಚ್ ತಿಂಗಳಲ್ಲೇ. ಹಲ್ ನಗರದ ಆಳಸಮುದ್ರ ಮೀನುಗಾರಿಕೆಯೂ ಐಸ್‌ಲ್ಯಾಂಡಿನೊಡನೆ ನಡೆದ ಮೀನು ಹಕ್ಕಿನ ವ್ಯಾಜ್ಯ 1976ರಲ್ಲಿ ಕೊನೆಗೊಂಡ ಮೇಲೆ ಕುಸಿದಿತ್ತು. ರೋವರ್ಸ್ ಗೆದ್ದಿದ್ದರೆ 1980ರಂತೆ ಒಂದೇ ನಗರದ ಪೂರ್ವ ಮತ್ತು ಪಶ್ಚಿಮ ಭಾಗಗಳ ನಡುವಣ ಫೈನಲ್ ಮತ್ತೆ ನಡೆಯುತ್ತಿತ್ತು. ವಿಗನ್ ಅದನ್ನು ತಪ್ಪಿಸಿತು.

ವಿಗನ್‌ನ ಆಗಿನ ಸ್ಥಿತಿಯನ್ನೂ ಹೇಳಬೇಕು. ಮುಂದೆ ಅದು ಗಳಿಸಿದ ಕೀರ್ತಿಯ ನೆರಳಿನಲ್ಲಿ 1985ರ ವಿಗನ್ ಕೂಡ ಬಲಾಢ್ಯವಾಗಿತ್ತೆಂದು ಭಾವಿಸುವುದು ಸುಲಭ. ನಿಜವಾಗಿ ಅದು 1980–81ರ ಋತುವನ್ನು ಎರಡನೆಯ ದರ್ಜೆಯಲ್ಲಿ ಕಳೆದಿತ್ತು. ಚಾಲೆಂಜ್ ಕಪ್ ಗೆದ್ದು ಇಪ್ಪತ್ತು ವರ್ಷಗಳಾಗಿದ್ದವು. ಕೊನೆಯ ಗೆಲುವು 1965ರಲ್ಲಿ ಹನ್ಸ್‌ಲೆಟ್ ವಿರುದ್ಧ 20–16ರಿಂದ ಬಂದದ್ದು.

ಅಂತಿಮ ಪಂದ್ಯ

ಕೆಂಪು–ಬಿಳಿ ಅಂಗಿಯ ವಿಗನ್, ಕಪ್ಪು–ಬಿಳಿ ಅಂಗಿಯ ಹಲ್. ವಿಗನ್ ನಾಯಕ ನ್ಯೂಜಿಲೆಂಡಿನ ಗ್ರೇಮ್ ವೆಸ್ಟ್. ಅದರ ಎರಡೂ ಅಂಚಿನಲ್ಲಿ ಓಡುಗಾರರಾಗಿ ಆಸ್ಟ್ರೇಲಿಯಾದ ಜಾನ್ ಫರ್ಗುಸನ್ ಮತ್ತು ಯಾರ್ಕ್‌ಷೈರ್ ಮೂಲದ ಹೆಂಡರ್ಸನ್ ಗಿಲ್ ಇದ್ದರು. ಹಲ್ ತಂಡದಲ್ಲಿ ನ್ಯೂಜಿಲೆಂಡಿನ ಗ್ಯಾರಿ ಕೆಂಬಲ್, ಡೇನ್ ಒಹಾರ, ಜೇಮ್ಸ್ ಲೆಲುವಾಯ್, ಫ್ರೆಡ್ ಆ ಕುಯಿ, ಆಸ್ಟ್ರೇಲಿಯಾದ ಸ್ಟರ್ಲಿಂಗ್ ಮತ್ತು ಜಾನ್ ಮಗಲ್ಟನ್ ಇದ್ದರು. ಕೆನ್ನಿ, ಸ್ಟರ್ಲಿಂಗ್, ಮಗಲ್ಟನ್ ಮೂವರೂ ಸಿಡ್ನಿಯ ಪ್ಯಾರಮಾಟ ಕ್ಲಬ್ಬಿನವರು; ಅದರಲ್ಲೂ ಕೆನ್ನಿ ಮತ್ತು ಸ್ಟರ್ಲಿಂಗ್ 1981, 1982, 1983ರಲ್ಲಿ ಪ್ಯಾರಮಾಟಕ್ಕೆ ಸಾಲಾಗಿ ಮೂರು ಪ್ರಶಸ್ತಿ ತಂದ ತಂಡದಲ್ಲಿ ಪಕ್ಕಪಕ್ಕದಲ್ಲಿ ಆಡಿದ ಜೋಡಿ. ಒಬ್ಬನ ಮನಸ್ಸು ಇನ್ನೊಬ್ಬನಿಗೆ ಗೊತ್ತಿದ್ದ ಆ ಜೋಡಿ ವೆಂಬ್ಲಿಯಲ್ಲಿ ಎದುರುಬದುರಾಯಿತು.

ಪಂದ್ಯದಲ್ಲಿ ಒಟ್ಟು ಹತ್ತು ಟ್ರೈ ಬಂದವು, ತಂಡಕ್ಕೆ ಐದರಂತೆ. ವಿಗನ್ ಪರ ಫರ್ಗುಸನ್ ಎರಡು, ಗಿಲ್, ಕೆನ್ನಿ ಮತ್ತು ಶಾನ್ ಎಡ್ವರ್ಡ್ಸ್ ಒಂದೊಂದು. ಹಲ್ ಪರ ಲೆಲುವಾಯ್ ಎರಡು, ಕೆವಿನ್ ಜೇಮ್ಸ್, ಸ್ಟೀವ್ ಇವಾನ್ಸ್ ಮತ್ತು ಗ್ಯಾರಿ ಡಿವೋರ್ಟಿ ಒಂದೊಂದು. ವ್ಯತ್ಯಾಸವಾದದ್ದು ಒದೆತದಲ್ಲಿ. ವಿಗನ್‌ಗೆ ಗಿಲ್ ಮೂರು, ಡೇವಿಡ್ ಸ್ಟೀಫನ್ಸನ್ ಒಂದು ಗೋಲ್ ತಂದುಕೊಟ್ಟರೆ ಹಲ್ ಪರ ಲೀ ಕ್ರೂಕ್ಸ್ ಎರಡನ್ನಷ್ಟೇ ಗಳಿಸಿದರು. ಕೆನ್ನಿಯ ಟ್ರೈ ಅವರ ಆಟದ ರೀತಿಯನ್ನೇ ಹೇಳುತ್ತದೆ: ಆತುರವಿಲ್ಲದಂತೆ ಕಾಣುವ ನೀಳ ಹೆಜ್ಜೆಗಳಲ್ಲಿ, ಬಿಲ್ಲಿನಂತೆ ಬಾಗಿದ ದಾರಿಯಲ್ಲಿ ಓಡಿ ಹಿಂದಿನ ಸಾಲಿನ ರಕ್ಷಕನನ್ನು ಹೊರಬದಿಯಿಂದ ದಾಟಿದ ಓಟ ಅದು. ಪಂದ್ಯಶ್ರೇಷ್ಠನಿಗೆ ಸಲ್ಲುವ ಲ್ಯಾನ್ಸ್ ಟಾಡ್ ಟ್ರೋಫಿ ಅವರಿಗೇ ಸಂದಿತು.

ಒಂದು ಹಂತದಲ್ಲಿ ವಿಗನ್ 28–12ರಿಂದ ಮುಂದಿತ್ತು. 16 ಅಂಕಗಳ ಅಂತರವೆಂದರೆ ಬಹುತೇಕ ಪಂದ್ಯಗಳಲ್ಲಿ ಪ್ರೇಕ್ಷಕರು ಮನೆಯ ದಾರಿ ನೋಡುವ ಹೊತ್ತು. ಹಲ್ ಅಲ್ಲಿಂದ ಎದ್ದುಬಂತು. ಲೆಲುವಾಯ್, ಡಿವೋರ್ಟಿ, ಮತ್ತೆ ಲೆಲುವಾಯ್ – ಮೂರು ಟ್ರೈ, 12 ಅಂಕ. ಆದರೆ ಮೂರರಲ್ಲಿ ಒಂದೂ ಕನ್ವರ್ಟ್ ಆಗಲಿಲ್ಲ. ಎರಡು ಆಗಿದ್ದರೆ 28–28, ಮರುಪಂದ್ಯ. ಮೂರೂ ಆಗಿದ್ದರೆ ಹಲ್ 30 ಅಂಕಗಳೊಡನೆ ಕಪ್ ಎತ್ತುತ್ತಿತ್ತು. ಟ್ರೈಗೆ 4 ಅಂಕ ಎಂಬ ಹೊಸ ನಿಯಮ ಓಟದ ಬೆಲೆಯನ್ನು ಹೆಚ್ಚಿಸಿದ್ದು ನಿಜ. ಟ್ರೈಗಳು ಸಮನಾದ ಅಂದಿನ ಪಂದ್ಯದಲ್ಲಿ ಮಾತ್ರ ಕಪ್ ಯಾರದೆಂದು ಹೇಳಿದ್ದು ಒದೆತ.

ವಿವೇಚನೆ

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಹೊರದೇಶದವರಿಗೆ ಬಾಗಿಲು ತೆರೆದದ್ದರಿಂದ ಊರಿನ ಹುಡುಗರ ಜಾಗ ಹೋಯಿತು, ಹಾಗಾಗಿ ಈ ಫೈನಲ್‌ನ ಸೊಬಗು ಸಾಲ ತಂದ ಸೊಬಗು ಎಂಬುದು ಆ ಆಕ್ಷೇಪ. ಇದಕ್ಕೆ ಆಧಾರವಿದೆ. 1983–84ರ ಋತುವಿನಲ್ಲಿ 38 ಟ್ರೈ ಗಳಿಸಿ ಎಲ್ಲರಿಗಿಂತ ಮುಂದಿದ್ದ, ಫೈನಲ್ ಹೊತ್ತಿಗೆ 19 ವರ್ಷದ ಗ್ಯಾರಿ ಸ್ಕೋಫೀಲ್ಡ್ ವೆಂಬ್ಲಿಯಲ್ಲಿ ಹಲ್ ತಂಡದ ಬದಲಿ ಆಟಗಾರರಾಗಿ ಪಂದ್ಯ ಆರಂಭಿಸಿದರು. ಅಂಥವರನ್ನು ಬೆಂಚಿನಲ್ಲಿ ಕೂರಿಸಿದ್ದು ನಷ್ಟವೇ. ರಾಷ್ಟ್ರೀಯ ತಂಡದ ಫಲಿತಾಂಶಗಳೂ ತಕ್ಷಣ ಸುಧಾರಿಸಲಿಲ್ಲ. 1986ರ ಆಸ್ಟ್ರೇಲಿಯಾ ತಂಡ ಬ್ರಿಟನ್ ಪ್ರವಾಸದಲ್ಲಿ ಮತ್ತೆ ಅಜೇಯವಾಗಿ ಉಳಿಯಿತು.

ಆದರೂ ಅಂದು ಮೈದಾನದಲ್ಲಿದ್ದ ಊರಿನ ಹುಡುಗರ ಮುಂದಿನ ದಾರಿ ಬೇರೆಯದನ್ನು ಹೇಳುತ್ತದೆ. ವಿಗನ್ನಿನವರೇ ಆದ ಶಾನ್ ಎಡ್ವರ್ಡ್ಸ್‌ಗೆ ಆಗ 18 ವರ್ಷ. ಹಿಂದಿನ ವರ್ಷ 17ರ ವಯಸ್ಸಿನಲ್ಲೇ ವೆಂಬ್ಲಿಯಲ್ಲಿ ಸೋತಿದ್ದ ಅವರು, ಆ ಋತುವಿನಲ್ಲಿ ಕೆನ್ನಿಯ ಜತೆ ಆಡಿ ಈ ಬಾರಿ ಟ್ರೈ ಗಳಿಸಿದರು. ಮುಂದೆ ಒಟ್ಟು ಒಂಬತ್ತು ಚಾಲೆಂಜ್ ಕಪ್ ಪದಕ ಗೆದ್ದರು. ಹೆಂಡರ್ಸನ್ ಗಿಲ್ 1988ರ ಜುಲೈಯಲ್ಲಿ ಸಿಡ್ನಿಯಲ್ಲಿ ಬ್ರಿಟನ್ ತಂಡ ಆಸ್ಟ್ರೇಲಿಯಾವನ್ನು 26–12ರಿಂದ ಸೋಲಿಸಿದ ಟೆಸ್ಟ್‌ನಲ್ಲಿ ಎರಡು ಟ್ರೈ ಗಳಿಸಿದರು. ಕಲಿಕೆ ನಿಧಾನವಾಗಿ ನಡೆಯಿತು, ಆದರೆ ನಡೆಯಿತು. ಎದುರಿಗೆ ನಿಂತು ಆಡದೆ ಆಸ್ಟ್ರೇಲಿಯಾದ ಆಟವನ್ನು ಕಲಿಯುವ ದಾರಿ ಬ್ರಿಟನ್ನಿಗೆ ಬೇರೆ ಇರಲಿಲ್ಲ. ನಿರ್ಬಂಧವಿದ್ದ 1977–83ರ ವರ್ಷಗಳ ಕೊನೆಯಲ್ಲಿ ಬಂದ 40–4 ಅದಕ್ಕೆ ಸಾಕಷ್ಟು ಸಾಕ್ಷಿ.

ನಂತರದ ಸ್ಥಿತಿ

ವಿಗನ್ 1988ರಿಂದ 1995ರವರೆಗೆ ಸತತ ಎಂಟು ಬಾರಿ ಚಾಲೆಂಜ್ ಕಪ್ ಗೆದ್ದಿತು. 1985ರ ಗೆಲುವು ನೇರವಾಗಿ ಅಲ್ಲಿಗೆ ಒಯ್ದಿತೆನ್ನಲಾಗದು, ಏಕೆಂದರೆ 1987ರಲ್ಲಿ ಅದು ಮೊದಲ ಸುತ್ತಿನಲ್ಲೇ ಓಲ್ಡಮ್ ತಂಡಕ್ಕೆ ಸೋತಿತ್ತು. ಕೆನ್ನಿ ಒಂದೇ ಋತು ಆಡಿ ಪ್ಯಾರಮಾಟಕ್ಕೆ ಮರಳಿದರು. ಹಲ್ ತಂಡ ವೆಂಬ್ಲಿಯಲ್ಲಿ ಕಪ್ ಗೆಲ್ಲಲು 2016ರವರೆಗೆ ಕಾಯಬೇಕಾಯಿತು. ಆ ವರ್ಷ ವಾರಿಂಗ್ಟನ್ ತಂಡವನ್ನು 12–10ರಿಂದ ಸೋಲಿಸಿತು.

ತಂಬಾಕಿನ ಪ್ರಾಯೋಜಕತ್ವಕ್ಕೆ ಬ್ರಿಟನ್ 2002ರ ಕಾನೂನಿನಿಂದ ತೆರೆ ಎಳೆಯಿತು. ಭಾರತದಲ್ಲಿ ಅಂಥದೇ ಕಾನೂನು 2003ರಲ್ಲಿ ಬಂತು. ಸಿಲ್ಕ್ ಕಟ್ ಹೋದ ಮೇಲೆ ಉಪಾಹಾರ, ವಿದ್ಯುತ್, ಬಿಯರ್ ಕಂಪನಿಗಳ ಹೆಸರುಗಳು ಕಪ್‌ಗೆ ಅಂಟಿಕೊಂಡು ಕಳಚಿದವು. 2015ರ ಬಳಿಕ ಹೆಚ್ಚಾಗಿ ಬಂದದ್ದು ಬೆಟ್ಟಿಂಗ್ ಸಂಸ್ಥೆಗಳು. 2021ರಿಂದ ಅದು ಬೆಟ್‌ಫ್ರೆಡ್ ಚಾಲೆಂಜ್ ಕಪ್. ದುಡಿಯುವ ಜನರ ಆಟವೊಂದು ತನ್ನ ಹಣಕ್ಕಾಗಿ ಮೊದಲು ಸಿಗರೇಟು, ಆಮೇಲೆ ಜೂಜಿನ ಬಾಗಿಲಿಗೆ ಹೋಗಬೇಕಾಗಿ ಬಂದದ್ದು ದುಃಖದ ಸಂಗತಿ, ಅದನ್ನು ಇಲ್ಲಿ ಹೇಳದೆ ಬಿಡುವುದು ಸರಿಯಲ್ಲ.

ಪ್ರೇಕ್ಷಕರ ಸಂಖ್ಯೆಯ ಹಿಂದೆಯೂ ಒಂದು ಕಥೆಯಿದೆ. ಫೈನಲ್ ನಡೆದ ಸರಿಯಾಗಿ ಒಂದು ವಾರಕ್ಕೆ, ಮೇ 11ರಂದು, ಬ್ರಾಡ್‌ಫರ್ಡ್ ಸಿಟಿ ಫುಟ್‌ಬಾಲ್ ಮೈದಾನದ ಮರದ ಕಟ್ಟೆಗೆ ಬೆಂಕಿ ಬಿದ್ದು 56 ಮಂದಿ ಸತ್ತರು. ಬ್ರಿಟನ್ನಿನ ಮೈದಾನಗಳ ಮೇಲೆ ಸುರಕ್ಷತೆಯ ಬಿಗಿ ಅಲ್ಲಿಂದ ಹೆಚ್ಚುತ್ತ ಹೋಗಿ, ನಿಂತು ನೋಡುವ ಜಾಗಗಳು ದೊಡ್ಡ ಕ್ರೀಡಾಂಗಣಗಳಿಂದ ಕ್ರಮೇಣ ಮಾಯವಾದವು. ಹಳೆಯ ವೆಂಬ್ಲಿಯನ್ನು ಕೆಡವಿ ಅದೇ ಜಾಗದಲ್ಲಿ ಕಟ್ಟಿ 2007ರಲ್ಲಿ ತೆರೆದ ಹೊಸ ಕ್ರೀಡಾಂಗಣದಲ್ಲಿ ಇರುವುದು 90,000 ಆಸನಗಳು. 99,801 ಜನ ಅಲ್ಲಿ ಹಿಡಿಸುವುದಿಲ್ಲ.